150-600 ಎಂಎಂ ಲೆನ್ಸಿನಲ್ಲಿ ಎಲ್ಲಾ ಫೋಟೋ ಮಬ್ಬು. ಟಬೂಬಿಯಾ ಉದುರುವ ಮೊದಲು ಯಾರಾದರೂ ಸಹಾಯ ಮಾಡಿ

ಗವಿಪುರದ_ಗಿರಿ | ಶನಿವಾರ, ಮಧ್ಯಾಹ್ನ 2:40

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಲಾಲ್‌ಬಾಗಿನಲ್ಲಿ ಟಬೂಬಿಯಾ ಈಗ ಹೇಗಿದೆ ಅಂತ ನಿಮಗೆಲ್ಲ ಗೊತ್ತಲ್ಲ. ಎಲೆ ಹುಡುಕಿದರೂ ಸಿಗುವುದಿಲ್ಲ, ಮರದ ತುಂಬ ಗುಲಾಬಿ ಹೂವು. ಗಿಣಿ, ಸೂರಕ್ಕಿ, ಅಳಿಲು ಎಲ್ಲಾ ಅಲ್ಲೇ ಠಿಕಾಣಿ ಹೂಡಿವೆ. ಇದಕ್ಕೇ ಅಂತ ಸಿಗ್ಮಾ 150-600 ಕಂಟೆಂಪರರಿ ತಗೊಂಡೆ. ಒಂದು ಫೋಟೋನೂ ಶಾರ್ಪ್ ಇಲ್ಲ. ಸೂರಕ್ಕಿಯ ಕಣ್ಣು ಎಂದರೆ ಬರೀ ಒಂದು ಕರಿ ಕಲೆ. ಗಿಣಿಯ ಗರಿ ಒಂದೂ ಬಿಡಿಸಿ ಕಾಣುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಕೈ ನಡುಕ ಅಲ್ಲ. ಶಟರ್ 1/1600. ಮನೆಯ ಬಾಲ್ಕನಿಯಲ್ಲಿ ದಾಸವಾಳದ ಕುಂಡ ತೆಗೆದರೆ ಪರವಾಗಿಲ್ಲ ಅನ್ನುವಷ್ಟು ಬರುತ್ತದೆ. ಪಾರ್ಕಿಗೆ ಹೋದರೆ ಮಾತ್ರ ಹೀಗೆ. ಅಂಗಡಿಗೆ ಫೋನ್ ಮಾಡಿದರೆ "ಸೆಟಿಂಗ್ ನೋಡಿ ಸರ್" ಅನ್ನುತ್ತಾರೆ. ವಾಪಸ್ ಕೊಡುವ ಗಡುವು ಮುಂದಿನ ವಾರ ಮುಗಿಯುತ್ತದೆ. ಹೂವಿನ ಗಡುವೂ ಅಷ್ಟೇ, ಜೋರಾಗಿ ಒಂದು ಗಾಳಿ ಬೀಸಿದರೆ ಎಲ್ಲಾ ನೆಲಕ್ಕೆ. ನನಗೆ ಸಿಕ್ಕ ಪೀಸೇ ಸರಿ ಇಲ್ವಾ? ಬೇಗ ಹೇಳಿ.

ಕುಟ್ರುಹಕ್ಕಿ | ಶನಿವಾರ, 2:58

ಕ್ಯಾಮೆರಾ ಬಾಡಿ ಯಾವುದು? ಹಕ್ಕಿ ಎಷ್ಟು ದೂರ ಇತ್ತು? ಎಷ್ಟು ಹೊತ್ತಿಗೆ ತೆಗೆದದ್ದು? ಒಂದು ಒರಿಜಿನಲ್ ಫೈಲ್ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ. ವಾಟ್ಸಾಪ್ ಹಿಂಡಿ ಕಳಿಸಿದ್ದು ಬೇಡ.

ಡಾಕ್_ದಾಸಪ್ಪ | ಶನಿವಾರ, 3:05

ಬ್ಯಾಕ್ ಫೋಕಸ್, ಅಂದರೆ ಫೋಕಸ್ ಹಕ್ಕಿಯ ಹಿಂದೆ ಬೀಳುತ್ತಿದೆ. ನೋಡುವುದೇ ಬೇಡ.

ಈ ಲೆನ್ಸ್‌ಗೆ ಯುಎಸ್‌ಬಿ ಡಾಕ್ ಬರುತ್ತದೆ, ಲೆನ್ಸನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ, ತಗೊಳ್ಳಿ. ನಾಲ್ಕು ಫೋಕಲ್ ಲೆಂತ್, ಪ್ರತಿಯೊಂದಕ್ಕೂ ನಾಲ್ಕು ದೂರ, ಒಟ್ಟು 16 ಕಡೆ ಫೋಕಸ್ ತಿದ್ದಬಹುದು. ಸ್ಕೇಲ್ ಒಂದನ್ನು ಓರೆಯಾಗಿ ನಿಲ್ಲಿಸಿ. 600ರಲ್ಲಿ 15 ಮೀಟರ್ ದೂರದಿಂದ ಮಧ್ಯದ ಗೆರೆಗೆ ಫೋಕಸ್ ಮಾಡಿ. ಶಾರ್ಪ್ ಆದ ಗೆರೆ ಹಿಂದಿದ್ದರೆ ಮೈನಸ್, ಮುಂದಿದ್ದರೆ ಪ್ಲಸ್. ನನ್ನ ಲೆನ್ಸ್ ಕೂಡ ಪೆಟ್ಟಿಗೆಯಿಂದ ತೆಗೆದಾಗ ಹೀಗೇ ಇತ್ತು. ಒಂದು ಭಾನುವಾರ ಕೂತು 16 ಕಡೆಯೂ ಸರಿ ಮಾಡಿದೆ. ಈಗ ಬ್ಲೇಡ್.

ಶಟರ್_ಶಾನುಭೋಗ | ಶನಿವಾರ, 3:31

ದಾಸಪ್ಪನವರೇ, ಅವರು ಇನ್ನೂ ಬಾಡಿಯನ್ನೇ ಹೇಳಿಲ್ಲ. ಅಷ್ಟರಲ್ಲಿ ಔಷಧಿ ಬರೆದುಕೊಟ್ಟಿರಾ?

ಗಿರಿ, ಕೈ ನಡುಕ ತಡೆಯುವ ಓಎಸ್ ಸ್ವಿಚ್ 2ರಲ್ಲಿ ಇದೆಯಾ ನೋಡಿ. 2 ಇರುವುದು ಹಾರುವ ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸುವ ಪ್ಯಾನಿಂಗ್‌ಗೆ. ಕೂತ ಹಕ್ಕಿಗೆ 1. ಟ್ರೈಪಾಡ್ ಮೇಲಿದ್ದರೆ ಆಫ್. ಪಕ್ಕದಲ್ಲೇ ಫೋಕಸ್ ಲಿಮಿಟರ್ ಇದೆ, ಅದು 10 ಮೀಟರ್‌ನಿಂದ ಇನ್ಫಿನಿಟಿಗೆ ಹೋಗಿದ್ದರೆ ಹತ್ತಿರದ ಹಕ್ಕಿಗೆ ಫೋಕಸ್ ಹಿಡಿಯುವುದೇ ಇಲ್ಲ. ಬ್ಯಾಗಿನಿಂದ ತೆಗೆಯುವಾಗ ಸ್ವಿಚ್ ತಾನಾಗೇ ಜರುಗುತ್ತದೆ.

ಗವಿಪುರದ_ಗಿರಿ | ಶನಿವಾರ, ಸಂಜೆ 5:20

ಓಎಸ್ 1, ಲಿಮಿಟರ್ ಫುಲ್. ಎರಡೂ ಸರಿ ಇವೆ. ಲಿಂಕ್ ಹಾಕಿದ್ದೇನೆ, ನಾಲ್ಕು ಫೋಟೋ ಇವೆ. ಬಾಡಿ ಹೊಸ ಕ್ಯಾನನ್. 600 ಎಂಎಂ, ಎಫ್/6.3, 1/1600, ಐಎಸ್ಒ 400. ಇದಕ್ಕಿಂತ ಏನು ಬೇಕು?

ದಾಸಪ್ಪ ಸರ್, ಡಾಕ್ ಎಲ್ಲಿ ಸಿಗುತ್ತದೆ?

ಡಾಕ್_ದಾಸಪ್ಪ | ಶನಿವಾರ, 5:34

ಈಗ ಹೊಸದು ಸಿಗುವುದು ಕಷ್ಟ. ಸೆಕೆಂಡ್ ಹ್ಯಾಂಡ್ ನೋಡಬೇಕು. ಕ್ಯಾನನ್ ಮೌಂಟಿನದ್ದೇ ಆಗಬೇಕು, ಮರೆಯಬೇಡಿ. ಫೋಟೋ ನೋಡಿದೆ. ನಾನು ಹೇಳಿದ್ದೇ. ಕ್ಲಾಸಿಕ್ ಬ್ಯಾಕ್ ಫೋಕಸ್.

ಮಲ್ಲೇಶ್ವರಂ_ಮೀರಾ | ಶನಿವಾರ, 6:12

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಟಬೂಬಿಯಾ ಸಮಸ್ಯೆ, ಆದರೆ ಬಣ್ಣದ್ದು. ಕಬ್ಬನ್ ಪಾರ್ಕಿನಲ್ಲಿ ತೆಗೆದೆ. ಕಣ್ಣಿಗೆ ಎಷ್ಟು ನವಿರಾದ ಗುಲಾಬಿ! ಫೋಟೋದಲ್ಲಿ ಪ್ಲಾಸ್ಟಿಕ್ ಹೂವು. ದಳದ ಗೆರೆ, ಮಡಿಕೆ, ಗಂಟಲಿನ ಹಳದಿ ಯಾವುದೂ ಇಲ್ಲ, ಒಂದೇ ಬಣ್ಣ ಬಳಿದಂತಿದೆ. ಬೆಳಕಿನ ಗ್ರಾಫ್ ಅಂದರೆ ಹಿಸ್ಟೋಗ್ರಾಮ್ ನೋಡಿಯೇ ತೆಗೆದೆ, ಬಲಗಡೆ ಜಾಗ ಬೇಕಾದಷ್ಟಿತ್ತು. ಯಾಕೆ?

ಕುಟ್ರುಹಕ್ಕಿ | ಶನಿವಾರ, 6:40

ಮೀರಾ ಅವರೇ, ನೀವು ನೋಡಿದ್ದು ಬಿಳಿ ಬಣ್ಣದ ಒಂದೇ ಹಿಸ್ಟೋಗ್ರಾಮ್ ಇರಬೇಕು. ಅದರ ಲೆಕ್ಕದಲ್ಲಿ ಹಸಿರಿನ ಪಾಲೇ ಜಾಸ್ತಿ. ಗುಲಾಬಿ ದಳದಲ್ಲಿ ಹಸಿರು ಕಡಿಮೆ, ಕೆಂಪು ತುಂಬಾ. ಹಾಗಾಗಿ ಕೆಂಪು ಚಾನೆಲ್ ಗೋಡೆಗೆ ಬಡಿದಿರುತ್ತದೆ, ಹಿಸ್ಟೋಗ್ರಾಮ್ ಮಾತ್ರ "ಎಲ್ಲಾ ಸರಿ" ಅನ್ನುತ್ತಿರುತ್ತದೆ. ಮೆನುವಿನಲ್ಲಿ ಆರ್‌ಜಿಬಿ ಹಿಸ್ಟೋಗ್ರಾಮ್ ಆನ್ ಮಾಡಿ. ಪಿಕ್ಚರ್ ಸ್ಟೈಲ್ ವಿವಿಡ್ ಅಥವಾ ಲ್ಯಾಂಡ್‌ಸ್ಕೇಪ್ ಇದ್ದರೆ ನ್ಯೂಟ್ರಲ್‌ಗೆ ಬದಲಿಸಿ. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ಜೆಪೆಗ್‌ನಿಂದ ಬಂದದ್ದು, ಸ್ಟೈಲ್ ಬದಲಾದರೆ ಅದೂ ಬದಲಾಗುತ್ತದೆ. ಎದುರು ಬಿಸಿಲು ಬಿದ್ದ ಹೂವಿಗೆ ಎಕ್ಸ್‌ಪೋಶರ್ ಮೈನಸ್ 0.7 ಕೊಟ್ಟು ನೋಡಿ.

ಗಿರಿ, ನಿಮ್ಮ ಎಕ್ಸ್‌ಪೋಶರ್ ನೋಡಿದರೆ ಬಿಸಿಲು ಚೆನ್ನಾಗಿಯೇ ಕಾದಿತ್ತು. ಬೆಳಗಿನ ಬೆಳಕಿಗೆ ಎಫ್/6.3, 1/1600, ಐಎಸ್ಒ 400 ಸಿಗುವುದಿಲ್ಲ. ಎಷ್ಟು ಗಂಟೆ ಅಂತ ಆಗಲೇ ಕೇಳಿದ್ದೆ.

ಧಾರವಾಡದ_ಲೆನ್ಸ್ | ಶನಿವಾರ, ರಾತ್ರಿ 8:15

ಮೈನಸ್ 0.7 ಯಾಕ್ರೀ? ಟಬೂಬಿಯಾ ಹಿಂದೆ ಇರುವುದು ಬೆಳ್ಳನೆಯ ಆಕಾಶ. ಮೈನಸ್ ಕೊಟ್ಟರೆ ಹೂವು ಕಪ್ಪಾಗುತ್ತದೆ. ನಾನು ಯಾವಾಗಲೂ ಪ್ಲಸ್ 1.

ಕುಟ್ರುಹಕ್ಕಿ | ಶನಿವಾರ, 8:22

ನಾನು ಬರೆದದ್ದು "ಎದುರು ಬಿಸಿಲು ಬಿದ್ದ ಹೂವಿಗೆ". ಆಕಾಶಕ್ಕೆ ಮುಖ ಮಾಡಿ ತೆಗೆದರೆ ಪ್ಲಸ್ 1 ಸರಿಯೇ. ಇಬ್ಬರೂ ಬೇರೆ ಬೇರೆ ಕಡೆ ನಿಂತು ಜಗಳವಾಡುತ್ತಿದ್ದೇವೆ.

ಧಾರವಾಡದ_ಲೆನ್ಸ್ | ಶನಿವಾರ, 8:30

ಜಗಳ ಅಲ್ಲ ಸರ್. ಹೊಸಬರು ಓದಿ ದಾರಿ ತಪ್ಪಬಾರದು ಅಂತ.

ಕುಟ್ರುಹಕ್ಕಿ | ಶನಿವಾರ, 8:31

ಸರ್ ಅಲ್ಲ, ಮೇಡಂ.

ಗವಿಪುರದ_ಗಿರಿ | ಭಾನುವಾರ, ಬೆಳಿಗ್ಗೆ 10:05

ಸ್ಕೇಲ್ ಟೆಸ್ಟ್ ಮಾಡಿದೆ. ಟೆರೇಸಿನ ಈ ತುದಿಯಿಂದ ಆ ತುದಿಗೆ 15 ಮೀಟರ್ ಇಲ್ಲ, 11 ಇದೆ. ಮಧ್ಯದ ಗೆರೆಯೇ ಶಾರ್ಪ್ ಬಂತು. ತೀರಾ ಕತ್ತರಿಸಿದ ಹಾಗೆ ಅಂತೇನಲ್ಲ, ಆದರೆ ಹಿಂದೆ ಮುಂದೆ ಹೋಗಿಲ್ಲ. ದಾಸಪ್ಪ ಸರ್, ಈಗ?

ಡಾಕ್_ದಾಸಪ್ಪ | ಭಾನುವಾರ, 10:20

11 ಮೀಟರ್‌ನಲ್ಲಿ ಸರಿ ಇದ್ದ ಮಾತ್ರಕ್ಕೆ ದೂರದಲ್ಲಿ ಸರಿ ಇರಬೇಕು ಅಂತ ಇಲ್ಲ. ಅದಕ್ಕೇ ಅಲ್ವಾ ಡಾಕ್‌ನಲ್ಲಿ ನಾಲ್ಕು ದೂರ ಇಟ್ಟಿರುವುದು! ಇನ್ಫಿನಿಟಿ ಕಡೆಯ ಸಂಖ್ಯೆ ತಿದ್ದಬೇಕು. ಮೈನಸ್ 6ರಿಂದ ಶುರು ಮಾಡಿ.

ಶಟರ್_ಶಾನುಭೋಗ | ಭಾನುವಾರ, 10:41

ಗಿರಿ, ಕೈ ಮುಗಿದು ಕೇಳುತ್ತೇನೆ. "ಹೊಸ ಕ್ಯಾನನ್" ಎಂದರೆ ಯಾವುದು?

ಗವಿಪುರದ_ಗಿರಿ | ಭಾನುವಾರ, 10:44

ಆರ್7, ಮಿರರ್‌ಲೆಸ್. ಅಡಾಪ್ಟರ್ ಹಾಕಿ ಬಳಸುತ್ತಿದ್ದೇನೆ. ಹೇಳಿದ್ದೆ ಅಂದುಕೊಂಡಿದ್ದೆ.

ಶಟರ್_ಶಾನುಭೋಗ | ಭಾನುವಾರ, 11:02

ಹಾಗಾದರೆ ನಿನ್ನೆಯಿಂದ ನಡೆದ ಸ್ಕೇಲ್ ಪುರಾಣಕ್ಕೆ ಮಂಗಳ ಹಾಡಿ.

ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಫೋಟೋ ತೆಗೆಯುವ ಸೆನ್ಸರ್ ಬೇರೆ. ಕನ್ನಡಿ ಬೆಳಕನ್ನು ಎರಡು ದಾರಿಗೆ ಹಂಚುತ್ತದೆ. ಎರಡು ದಾರಿಯ ಉದ್ದದಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ ಬ್ಯಾಕ್ ಫೋಕಸ್, ಫ್ರಂಟ್ ಫೋಕಸ್ ಎಲ್ಲಾ ಬರುತ್ತದೆ. ಆರ್7ನಲ್ಲಿ ಕನ್ನಡಿಯೇ ಇಲ್ಲ. ಚಿತ್ರ ಬೀಳುವ ಸೆನ್ಸರ್ ಮೇಲೆಯೇ ಫೋಕಸ್ ಅಳೆಯುತ್ತದೆ. ಅದಕ್ಕೇ ಕ್ಯಾನನ್ ಆರ್ ಸರಣಿಯಲ್ಲಿ ಫೋಕಸ್ ತಿದ್ದುವ ಮೈಕ್ರೋ ಅಡ್ಜಸ್ಟ್ ಮೆನುವೇ ಇಲ್ಲ.

ಡಾಕ್_ದಾಸಪ್ಪ | ಭಾನುವಾರ, 11:15

ಡಾಕ್‌ನಿಂದ ಲೆನ್ಸಿನ ಫರ್ಮ್‌ವೇರ್ ಅಪ್‌ಡೇಟ್ ಆಗುತ್ತದೆ, ಅದು ಮಿರರ್‌ಲೆಸ್‌ಗೂ ಬೇಕು. ಅಡಾಪ್ಟರ್ ಬೇರೆ ಇದೆ ಮಧ್ಯೆ. ಡಾಕ್ ಬೇಡವೇ ಬೇಡ ಅಂತ ಹೇಳಬೇಡಿ.

ಶಟರ್_ಶಾನುಭೋಗ | ಭಾನುವಾರ, 11:17

ಫರ್ಮ್‌ವೇರ್ ಒಪ್ಪಿದೆ. ಬ್ಯಾಕ್ ಫೋಕಸ್ ಒಪ್ಪಲ್ಲ.

ಕುಟ್ರುಹಕ್ಕಿ | ಭಾನುವಾರ, 11:50

ಫೈಲುಗಳನ್ನು ಈಗ ಸರಿಯಾಗಿ ನೋಡಿದೆ. ಬ್ಯಾಕ್ ಫೋಕಸ್ ಆಗಿದ್ದರೆ ಹಕ್ಕಿ ಮಬ್ಬಾಗಿ ಹಿಂದಿನ ಕೊಂಬೆಯೋ ಹೂವೋ ಶಾರ್ಪ್ ಇರಬೇಕಿತ್ತು. ಗಿರಿಯ ಫ್ರೇಮಿನಲ್ಲಿ ಎದುರಿನ ಹೂವು, ಹಕ್ಕಿ, ಹಿಂದಿನ ರೆಂಬೆ ಯಾವುದೂ ಶಾರ್ಪ್ ಇಲ್ಲ. ಎಲ್ಲಾ ಸಮನಾಗಿ ಮೆತ್ತಗಿದೆ.

ಇನ್ನೊಂದು ವಿಷಯ. ಎರಡನೇ ಫೋಟೋದಲ್ಲಿ ಸೂರಕ್ಕಿ ಉದ್ದಕ್ಕೆ ಸುಮಾರು 300 ಪಿಕ್ಸೆಲ್ ಇದೆ. ಆ ಹಕ್ಕಿಯೇ 10 ಸೆಂಟಿಮೀಟರ್. 600 ಎಂಎಂ ಲೆನ್ಸ್, ಆರ್7 ಸೆನ್ಸರ್ ಅಂತ ಲೆಕ್ಕ ಹಾಕಿದರೆ ದೂರ ಹತ್ತಿರ ಹತ್ತಿರ 60 ಮೀಟರ್ ಬರುತ್ತದೆ. ಅಷ್ಟು ದೂರದಲ್ಲಿ ಎಫ್/6.3 ಇಟ್ಟರೂ ಎರಡು ಮೀಟರ್‌ಗಿಂತ ಜಾಸ್ತಿ ಆಳ ಫೋಕಸ್‌ನಲ್ಲಿ ಇರುತ್ತದೆ. ಫೋಕಸ್ ಸ್ವಲ್ಪ ತಪ್ಪಿದ್ದರೂ ಏನಾದರೂ ಒಂದು ಶಾರ್ಪ್ ಸಿಗಲೇಬೇಕು.

60 ಮೀಟರ್ ದೂರದ ಮರದ ತುದಿ ನೇರ ಕಣ್ಣೆತ್ತರಕ್ಕೆ ಕಾಣುತ್ತಿದೆ. ನೀವು ನೆಲದ ಮೇಲೆ ನಿಂತಿರಲಿಲ್ಲ. ಎಲ್ಲಿ ನಿಂತಿದ್ದಿರಿ? ಫಿಲ್ಟರ್ ಏನಾದರೂ ಹಾಕಿದ್ದೀರಾ?

ಗವಿಪುರದ_ಗಿರಿ | ಭಾನುವಾರ, ಮಧ್ಯಾಹ್ನ 12:30

ಬಂಡೆ ಮೇಲೆ. ಕೆಂಪೇಗೌಡ ಗೋಪುರ ಇದೆಯಲ್ಲ, ಅಲ್ಲಿ. ಕೆಳಗಿನಿಂದ ತೆಗೆದರೆ ಹಕ್ಕಿಯ ಹೊಟ್ಟೆ ಮಾತ್ರ ಕಾಣುತ್ತದೆ. ಬಂಡೆ ಹತ್ತಿದರೆ ಮರದ ನೆತ್ತಿ ಸಮಕ್ಕೆ ಸಿಗುತ್ತದೆ. ಜಾಗ ಹುಡುಕಲು ಎಷ್ಟು ಕಷ್ಟಪಟ್ಟಿದ್ದೇನೆ ಗೊತ್ತಾ. ಹನ್ನೊಂದು, ಹನ್ನೊಂದೂವರೆಗೆ ಬೆಳಕು ಚೆನ್ನಾಗಿ ಬೀಳುತ್ತದೆ, ಐಎಸ್ಒ ಕಡಿಮೆ ಸಾಕು.

ಫಿಲ್ಟರ್ ಇದೆ, ಯುವಿ. ಲೆನ್ಸ್ ಜೊತೆ ಅಂಗಡಿಯವರು ಫ್ರೀ ಕೊಟ್ಟರು. ಅದು ಗ್ಲಾಸ್ ಕಾಪಾಡುವುದಕ್ಕೆ, ಫೋಟೋಗೂ ಅದಕ್ಕೂ ಏನು ಸಂಬಂಧ?

ಶಟರ್_ಶಾನುಭೋಗ | ಭಾನುವಾರ, 12:34

ಅಯ್ಯೋ ದೇವರೇ.

ಕುಟ್ರುಹಕ್ಕಿ | ಭಾನುವಾರ, 1:10

ಎರಡೂ ಸಿಕ್ಕಿತು. ದೊಡ್ಡದು ಮೊದಲು.

ಲಾಲ್‌ಬಾಗ್ ಬಂಡೆ 300 ಕೋಟಿ ವರ್ಷದ ನೈಸ್ (gneiss) ಎಂಬ ಜಾತಿಯ ಕಲ್ಲು. ಫೆಬ್ರುವರಿ ಬಿಸಿಲಿಗೆ ಹನ್ನೊಂದು ಗಂಟೆಯಷ್ಟರಲ್ಲಿ ಬರಿಗಾಲು ಇಡಲು ಆಗದಷ್ಟು ಕಾಯುತ್ತದೆ. ಕಾದ ದೋಸೆ ಹೆಂಚಿನ ಮೇಲೆ ಗಾಳಿ ಕುಣಿಯುವುದನ್ನು ನೋಡಿದ್ದೀರಲ್ಲ, ನಿಮ್ಮ ಲೆನ್ಸ್ ಅಂಥ ಗಾಳಿಯೊಳಗಿಂದಲೇ 60 ಮೀಟರ್ ದೂರ ನೋಡುತ್ತಿದೆ. ಬಿಸಿ ಗಾಳಿ, ತಂಪು ಗಾಳಿ ಬೆರೆತ ಕಡೆಯೆಲ್ಲ ಬೆಳಕು ಚೂರು ಚೂರು ಬಾಗುತ್ತದೆ. ಶಟರ್ ಜಾಸ್ತಿ ಮಾಡಿದರೆ ಹೋಗಲ್ಲ. ಟ್ರೈಪಾಡ್, ಓಎಸ್, ಎಫ್/8 ಯಾವುದೂ ಕೆಲಸಕ್ಕೆ ಬರಲ್ಲ. ಬಾಲ್ಕನಿಯ ಕುಂಡ ಚೆನ್ನಾಗಿ ಬರುವುದಕ್ಕೆ ಕಾರಣ ಮಧ್ಯೆ ಇರುವ ಗಾಳಿಯೇ ಕಡಿಮೆ.

ನಂಬಿಕೆ ಬಾರದಿದ್ದರೆ ಹೀಗೆ ಮಾಡಿ. ಅಲುಗದ ಒಂದು ದಪ್ಪ ಕೊಂಬೆಗೆ ಫೋಕಸ್ ಮಾಡಿ ಲಾಕ್ ಮಾಡಿ. ವ್ಯೂಫೈಂಡರಿನಲ್ಲಿ 10 ಪಟ್ಟು ಹಿಗ್ಗಿಸಿ ನೋಡುತ್ತಾ ನಿಲ್ಲಿ. ಕೊಂಬೆಯ ಅಂಚು ಹಾವಿನ ಥರ ಹರಿದಾಡಿದರೆ ಅದು ಗಾಳಿಯ ಆಟ. ಒಂದೇ ಸಮ ಹಲವು ಫೋಟೋ (ಬರ್ಸ್ಟ್) ತೆಗೆದು ಫ್ರೇಮುಗಳನ್ನು ಒಂದರ ಹಿಂದೆ ಒಂದು ಓಡಿಸಿದರೂ ಗೊತ್ತಾಗುತ್ತದೆ. ಒಂದರಲ್ಲಿ ಎಡಗಡೆಯ ಹೂವು ಚೆನ್ನಾಗಿರುತ್ತದೆ, ಇನ್ನೊಂದರಲ್ಲಿ ಬಲಗಡೆಯದ್ದು. ಫೋಕಸ್ ತಪ್ಪಿದ್ದರೆ ಹಾಗೆ ಆಗುವುದಿಲ್ಲ.

ಇನ್ನು ಫಿಲ್ಟರ್. 95 ಎಂಎಂ ಅಗಲದ ಗಾಜು ಪೂರ್ತಿ ಚಪ್ಪಟೆಯಾಗಿ ಬರಬೇಕಾದರೆ ದುಡ್ಡು ಬೀಳುತ್ತದೆ. ಫ್ರೀ ಬಂದದ್ದರಲ್ಲಿ ಅದನ್ನು ನಿರೀಕ್ಷಿಸಬೇಡಿ. ವೈಡ್ ಲೆನ್ಸ್‌ನಲ್ಲಿ ಗೊತ್ತಾಗದ ಕೊರತೆ 600ರಲ್ಲಿ ಎದ್ದು ಕಾಣುತ್ತದೆ. ನಿಮ್ಮ ಹಿನ್ನೆಲೆಯ ರೆಂಬೆಗಳು ಜೋಡಿ ಗೆರೆಯಾಗಿ ಕಾಣುತ್ತಿವೆ ನೋಡಿ, ನನಗೆ ಅನುಮಾನ ಬಂದದ್ದೇ ಅಲ್ಲಿ. ಟೆರೇಸಿನಲ್ಲೂ "ತೀರಾ ಕತ್ತರಿಸಿದ ಹಾಗಲ್ಲ" ಅಂದಿರಲ್ಲ, ಅದೂ ಇದರದ್ದೇ ಇರಬಹುದು. ತೆಗೆದು, ಅದೇ ಸ್ಕೇಲನ್ನು ಇನ್ನೊಮ್ಮೆ ತೆಗೆಯಿರಿ.

ಗವಿಪುರದ_ಗಿರಿ | ಭಾನುವಾರ, 1:25

ಅಷ್ಟು ದುಡ್ಡಿನ ಲೆನ್ಸನ್ನು ಬರಿಗಣ್ಣಲ್ಲಿ ಬಿಡಲಾ? ಧೂಳು, ಹಕ್ಕಿ ಹಿಕ್ಕೆ, ಮಕ್ಕಳ ಬೆರಳು?

ಶಟರ್_ಶಾನುಭೋಗ | ಭಾನುವಾರ, 1:33

ಲೆನ್ಸಿನ ಮೂತಿಗೆ ಹಾಕುವ ಕೊಳವೆ ಇದೆಯಲ್ಲ, ಹುಡ್, ಅದನ್ನು ಹಾಕಿ ಸ್ವಾಮಿ. ಪೆಟ್ಟಿಗೆಯಲ್ಲೇ ಬಂದಿರುತ್ತದೆ. ಬಿದ್ದರೂ ಮೊದಲ ಏಟು ಹುಡ್ ತಿನ್ನುತ್ತದೆ.

ಮೈಸೂರು_ಮ್ಯಾಕ್ರೋ | ಭಾನುವಾರ, 1:50

ಒಂದು ಮಾತು. ಒಳ್ಳೆ ಫಿಲ್ಟರ್ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಾಣಲ್ಲ. ನಾನು ಕಾರಂಜಿ ಕೆರೆಯಲ್ಲಿ, ಕುಕ್ಕರಹಳ್ಳಿಯಲ್ಲಿ ಫಿಲ್ಟರ್ ಹಾಕಿಯೇ ತೆಗೆಯುವುದು. ಫಿಲ್ಟರ್ ಅಂದರೆ ಪಾಪ ಅನ್ನುವ ಹಾಗೆ ಮಾತಾಡಬೇಡಿ.

ಶಟರ್_ಶಾನುಭೋಗ | ಭಾನುವಾರ, 1:58

ಆ ಒಳ್ಳೆ ಫಿಲ್ಟರ್ ಬೆಲೆಗೆ ಒಂದು ಮಾನೊಪಾಡ್ (ಒಂಟಿಕಾಲಿನ ಸ್ಟ್ಯಾಂಡ್) ಬರುತ್ತದೆ.

ಮೈಸೂರು_ಮ್ಯಾಕ್ರೋ | ಭಾನುವಾರ, 2:01

ಮಾನೊಪಾಡ್ ಗ್ಲಾಸಿಗೆ ಗೀರು ಬೀಳುವುದನ್ನು ತಡೆಯುತ್ತದಾ?

ಧಾರವಾಡದ_ಲೆನ್ಸ್ | ಭಾನುವಾರ, 2:20

ನಮ್ಮ ಕಡೆ ಈ ಟಬೂಬಿಯಾ ಹುಚ್ಚೇ ಇಲ್ಲ ಬಿಡ್ರೀ. ಎಲ್ಲಿಯದೋ ಮೆಕ್ಸಿಕೋ ಮರ. ಅಲ್ಲಿ ಹಕ್ಕಿ ಹುಡುಕುವ ಬದಲು ಮುತ್ತುಗ, ಬೂರುಗದ ಕೆಳಗೆ ನಿಲ್ಲಿ. ಈಗ ಎರಡೂ ಹೂಬಿಟ್ಟಿವೆ. ಗುಲಾಬಿ ಕಬ್ಬಕ್ಕಿ ಹಿಂಡು ಬಂದು ಕೂತರೆ ಮರವೇ ಅಲ್ಲಾಡುತ್ತದೆ. ಬೆಂಗಳೂರಿಗೆ ಈ ಗುಲಾಬಿ ಮರಗಳನ್ನು ತಂದು ತುಂಬಿದ್ದು ಆ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್.

ಫಿಲ್ಮ್_ರಾಯರು | ಭಾನುವಾರ, 3:05

ಎಲ್ಲವನ್ನೂ ಕ್ರುಂಬಿಗಲ್ ತಲೆಗೆ ಕಟ್ಟಬೇಡಿ. ಅವರು ಬೆಂಗಳೂರಿಗೆ ಬಂದದ್ದು 1908ರಲ್ಲಿ. ಒಂದು ರಸ್ತೆಯ ಹೂವು ಮುಗಿಯುವಾಗ ಇನ್ನೊಂದರದ್ದು ಅರಳಬೇಕು ಅನ್ನುವ ಲೆಕ್ಕದಲ್ಲಿ ಮರ ಆರಿಸಿದರು, ನಿಜ. ಆದರೆ ಈಗ ನಗರದಲ್ಲಿ ಕಾಣುವ ಸಾಲುಮರಗಳಲ್ಲಿ ಎಷ್ಟೋ 1980ರ ದಶಕದವು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಲಕ್ಷಗಟ್ಟಲೆ ಸಸಿ ನೆಟ್ಟರು. ಅವರ ಹೆಸರು ಯಾರೂ ಎತ್ತುವುದಿಲ್ಲ.

ಫೋಟೋ ವಿಷಯ. ನಮ್ಮ ಕಾಲದಲ್ಲಿ ರೋಲಿಗೆ 36 ಫ್ರೇಮ್. 60 ಮೀಟರ್ ದೂರದ ಸೂರಕ್ಕಿಗೆ ಯಾರೂ ಶಟರ್ ಒತ್ತುತ್ತಿರಲಿಲ್ಲ. ಹಕ್ಕಿ ಎಲ್ಲಿ ಬರುತ್ತದೆ ಅಂತ ನೋಡಿ, ಅಲ್ಲಿ ಮೊದಲೇ ಹೋಗಿ ಕೂರುತ್ತಿದ್ದೆವು.

ಧಾರವಾಡದ_ಲೆನ್ಸ್ | ಭಾನುವಾರ, 3:20

ರಾಯರೇ, ಮರ ಮೆಕ್ಸಿಕೋದ್ದು ಅನ್ನುವುದು ಸುಳ್ಳಾಗಲಿಲ್ಲವಲ್ಲ.

ಫಿಲ್ಮ್_ರಾಯರು | ಭಾನುವಾರ, 3:26

ಮೆಣಸಿನಕಾಯಿಯೂ ಆ ಕಡೆಯದ್ದೇ. ಊಟದಲ್ಲಿ ಬಿಡುತ್ತೀರಾ?

ನಿರ್ವಾಹಕ | ಭಾನುವಾರ, 4:00

ಮರದ ಚರ್ಚೆಗೆ "ಗಿಡಮರ" ವಿಭಾಗ ಇದೆ. ಮುಂದಿನ ಮೂರು ಪೋಸ್ಟ್ ಅಲ್ಲಿಗೆ ಸಾಗಿಸಿದ್ದೇನೆ. ಹಾಗೆಯೇ, ಹಾಲಕ್ಕಿ ಗೂಡಿನ ಮರ ಯಾವುದು, ಯಾವ ಗೇಟಿನಿಂದ ಹೋಗಬೇಕು ಅಂತ ಒಬ್ಬರು ಬರೆದಿದ್ದರು. ಅದನ್ನು ಅಳಿಸಿದ್ದೇನೆ. ಗೂಬೆ, ಹಾಲಕ್ಕಿಗಳ ಜಾಗ ಇಲ್ಲಿ ಹಾಕುವಂತಿಲ್ಲ. ಮರಿ ಇರುವ ಪೊಟರೆಯ ಮುಂದೆ ಭಾನುವಾರ ಜಾತ್ರೆ ಸೇರುವುದನ್ನು ಎಲ್ಲರೂ ನೋಡಿದ್ದೀರಿ.

ಮೈಸೂರು_ಮ್ಯಾಕ್ರೋ | ಭಾನುವಾರ, 4:12

ಜಾಗ ಮುಚ್ಚಿಟ್ಟರೆ ಹೊಸಬರು ಕಲಿಯುವುದು ಹೇಗೆ? ಹಳಬರ ವಾಟ್ಸಾಪ್ ಗುಂಪಿನಲ್ಲಿ ಎಲ್ಲಾ ಜಾಗ ಓಡಾಡುತ್ತಿರುತ್ತದೆ. ಇಲ್ಲಿ ಮಾತ್ರ ನಿಯಮ.

ಕುಟ್ರುಹಕ್ಕಿ | ಭಾನುವಾರ, 4:30

ಆ ಗುಂಪುಗಳೂ ತಪ್ಪೇ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಸುವುದೂ ತಪ್ಪೇ. ಬೇರೆ ಎಳೆಯಲ್ಲಿ ಮಾತಾಡೋಣ, ಖಂಡಿತ ಬರುತ್ತೇನೆ.

ಗವಿಪುರದ_ಗಿರಿ | ಮಂಗಳವಾರ, ಬೆಳಿಗ್ಗೆ 9:40

ಹೋಗಿ ಬಂದೆ. ಫಿಲ್ಟರ್ ಬಿಚ್ಚಿದೆ. ಟೆರೇಸಿನ ಸ್ಕೇಲ್ ಈಗ ಕತ್ತರಿಸಿದ ಹಾಗೆ ಬರುತ್ತಿದೆ, ಅದನ್ನು ಒಪ್ಪುತ್ತೇನೆ. ಜೋಡಿ ಗೆರೆಯೂ ಇಲ್ಲ.

ಬಂಡೆಗೆ ಏಳು ಗಂಟೆಗೆ ಹತ್ತಿದೆ. ಕೊಂಬೆಯ ಅಂಚು ನಿಂತಲ್ಲೇ ನಿಂತಿತ್ತು. ಎಂಟೂವರೆ ಕಳೆದ ಮೇಲೆ ನಿಧಾನಕ್ಕೆ ಅಲುಗಲು ಶುರು. ಆದರೆ ಏಳು ಗಂಟೆಯ ಬೆಳಕಿಗೆ ಐಎಸ್ಒ 3200 ಹೋಯಿತು. ಹಕ್ಕಿ ಶಾರ್ಪ್ ಇದೆ, ಆದರೆ ಮೈ ತುಂಬ ಮರಳಿನಂಥ ಚುಕ್ಕಿ. ಒಂದು ಹೋಯಿತು ಅಂದರೆ ಇನ್ನೊಂದು! ಇದಕ್ಕೇನು ಮಾಡುವುದು?

ಮತ್ತೆ, ಹಕ್ಕಿಯನ್ನು ಹಿಂಬಾಲಿಸಬೇಕಾದ ಟ್ರ್ಯಾಕಿಂಗ್ ಫೋಕಸ್ ಹಕ್ಕಿಯನ್ನು ಬಿಟ್ಟು ಹೂವನ್ನೇ ಹಿಡಿಯುತ್ತದೆ.

ಶಟರ್_ಶಾನುಭೋಗ | ಮಂಗಳವಾರ, 10:15

ಕೂತ ಗಿಣಿಗೆ 1/1600 ಯಾಕೆ? 1/500ಕ್ಕೆ ಇಳಿಸಿ, ಐಎಸ್ಒ ಸಾವಿರದ ಹತ್ತಿರ ಬರುತ್ತದೆ. ಓಎಸ್ ಇದೆ, ಮಾನೊಪಾಡ್ ಇದ್ದರೆ ಇನ್ನೂ ಒಳ್ಳೆಯದು. ಟ್ರೈಪಾಡ್ ಒಯ್ದರೆ ಕೆಲವು ಪಾರ್ಕುಗಳಲ್ಲಿ "ಪರ್ಮಿಷನ್ ಎಲ್ಲಿ" ಅಂತ ಶುರುವಾಗುತ್ತದೆ, ಮಾನೊಪಾಡನ್ನು ಊರುಗೋಲು ಅಂದುಕೊಂಡು ಬಿಡುತ್ತಾರೆ. ಹೂವಿನ ನಡುವೆ ಟ್ರ್ಯಾಕಿಂಗ್ ನಂಬಬೇಡಿ. ಸ್ಪಾಟ್ ಎಎಫ್, ಒಂದೇ ಪಾಯಿಂಟ್, ಹಕ್ಕಿಯ ಕತ್ತಿನ ಮೇಲೆ.

ಇನ್ನೊಂದು, ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೂರಕ್ಕಿ ರೆಕ್ಕೆ ಬಡಿದರೆ ರೆಕ್ಕೆ ಸೊಟ್ಟಗೆ ಬರುತ್ತದೆ. ಸೆನ್ಸರ್ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ ಹಾಗೆ. ಮೆಕ್ಯಾನಿಕಲ್‌ಗೆ ಹಾಕಿ.

ಕುಟ್ರುಹಕ್ಕಿ | ಮಂಗಳವಾರ, 10:40

ರಾಯರು ಹೇಳಿದ್ದೇ ಸರಿ. 60 ಮೀಟರ್ ದೂರದ ಸೂರಕ್ಕಿ ನಿಮಗೆ 300 ಪಿಕ್ಸೆಲ್ ಕೊಡುತ್ತದೆ. 8 ಮೀಟರ್‌ಗೆ ಬಂದರೆ 2,300. ಯಾವ ಲೆನ್ಸ್ ಕೊಂಡರೂ ಈ ವ್ಯತ್ಯಾಸ ಸಿಗುವುದಿಲ್ಲ.

ಬಂಡೆಯಿಂದ ಮರಗಳನ್ನು ತೆಗೆಯಿರಿ, 150ರಿಂದ 200ರಲ್ಲಿ, ಗುಲಾಬಿ ನೆತ್ತಿಯ ಮೇಲೆ ಗಿಣಿ ಹಿಂಡು ಹಾರುವಾಗ. ಸೂರಕ್ಕಿಗೆ ಕೆಳಗೆ ಇಳಿಯಿರಿ. ಹ್ಯಾಮೇಲಿಯಾ ಪೊದೆ ಗೊತ್ತಲ್ಲ, ಕೆಂಪು ಕಿತ್ತಳೆ ಬಣ್ಣದ ಸಣ್ಣ ಕೊಳವೆ ಹೂವು. ಬೆಂಗಳೂರಿನ ಪಾರ್ಕುಗಳಲ್ಲಿ ಬೇಲಿ ಥರ ನೆಟ್ಟಿರುತ್ತಾರೆ. ನೆರಳಿನ ಕಡೆ ನಿಂತು ಅಲುಗದೆ ಕಾಯಿರಿ. ಸೂರಕ್ಕಿ ಒಂದೇ ಪೊದೆಗೆ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಲೆನ್ಸ್ 2.8 ಮೀಟರ್‌ವರೆಗೆ ಫೋಕಸ್ ಹಿಡಿಯುತ್ತದೆ. ಕಾಲಡಿಗೆ ಹುಲ್ಲಿದ್ದರೆ ಹತ್ತು ಗಂಟೆಯವರೆಗೂ ಗಾಳಿ ತೊಂದರೆ ಕೊಡುವುದಿಲ್ಲ.

ಗವಿಪುರದ_ಗಿರಿ | ಮಂಗಳವಾರ, 10:52

ಆದರೆ ನನಗೆ ಟಬೂಬಿಯಾ ಮೇಲೆ ಸೂರಕ್ಕಿ ಬೇಕು. ಹ್ಯಾಮೇಲಿಯಾ ಮೇಲೆ ಎಲ್ಲರೂ ತೆಗೆದಿದ್ದಾರೆ.

ಕುಟ್ರುಹಕ್ಕಿ | ಮಂಗಳವಾರ, 10:55

ಹಾಗಾದರೆ ಕೊಂಬೆ ತಗ್ಗಿಗೆ ಬಾಗಿದ ಮರ ಹುಡುಕಿ. ಕೆರೆ ಏರಿಯ ಕಡೆ ಒಂದು ಸುತ್ತು ಹಾಕಿ. ಬಂಡೆ ಬಿಡಿ.

ಬಿಗ್_ಗನ್_ಬೋಪಣ್ಣ | ಮಂಗಳವಾರ, ರಾತ್ರಿ 9:10

ಈಗಷ್ಟೇ ಓದಿದೆ. ನಾನು 600 ಎಫ್/4, 1.4 ಕನ್ವರ್ಟರ್, ಕಾರ್ಬನ್ ಟ್ರೈಪಾಡ್, ಗಿಂಬಲ್ ಹೆಡ್. ಎಂಎಂ ಜಾಸ್ತಿ ಇದ್ದರೆ ದೂರದ ಸಮಸ್ಯೆಯೇ ಇಲ್ಲ. ಕಳೆದ ವಾರದ ಗಿಣಿ ನೋಡಿ, ಲಿಂಕ್ ಹಾಕಿದ್ದೇನೆ.

ಶಟರ್_ಶಾನುಭೋಗ | ಮಂಗಳವಾರ, 9:25

ಬೋಪಣ್ಣ, ಫೋಟೋ ಚೆನ್ನಾಗಿದೆ. ಆದರೆ ಎಂಎಂ ಜಾಸ್ತಿ ಆದರೆ ಗಾಳಿಯ ಕುಣಿತವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಗಿಣಿ ತೆಗೆದದ್ದು ಬೆಳಿಗ್ಗೆ 7:20ಕ್ಕೆ, ಫೈಲಿನೊಳಗಿನ ಮಾಹಿತಿ ಎಕ್ಸಿಫ್‌ನಲ್ಲಿ ಇದೆ.

ಬಿಗ್_ಗನ್_ಬೋಪಣ್ಣ | ಮಂಗಳವಾರ, 9:31

ಬೆಳಿಗ್ಗೆ ಏಳುವುದೂ ಸೆಟಪ್‌ನ ಭಾಗವೇ ಅಲ್ವಾ.

ಮಲ್ಲೇಶ್ವರಂ_ಮೀರಾ | ಬುಧವಾರ, ಬೆಳಿಗ್ಗೆ 8:00

ಆರ್‌ಜಿಬಿ ಹಿಸ್ಟೋಗ್ರಾಮ್ ಕೆಲಸ ಮಾಡಿತು, ಥ್ಯಾಂಕ್ಸ್ ಮೇಡಂ. ಗಂಟಲಿನ ಹಳದಿ ಕಾಣುತ್ತಿದೆ! ಇನ್ನು ಸ್ವಲ್ಪ ದಿನಕ್ಕೆ ಜಕರಂಡಾ ಬರುತ್ತದೆ. ಹೋದ ವರ್ಷ ಅದು ನೇರಳೆ ಹೋಗಿ ನೀಲಿ ಬಂದಿತ್ತು. ಅದಕ್ಕೂ ಇದೇ ಮದ್ದಾ?

ಕುಟ್ರುಹಕ್ಕಿ | ಬುಧವಾರ, 8:35

ಅಲ್ಲ, ಅದು ಬೇರೆ. ನೇರಳೆ ಹೂವನ್ನು ಕ್ಯಾಮೆರಾ ನೀಲಿಯಾಗಿ ನೋಡುವುದು ಹಳೇ ಕಾಯಿಲೆ, ನಮ್ಮ ಕಣ್ಣೂ ಸೆನ್ಸರೂ ಆ ಬಣ್ಣವನ್ನು ಒಂದೇ ರೀತಿ ಅಳೆಯುವುದಿಲ್ಲ. ಜೆಪೆಗ್ ಬದಲು ರಾ ಫೈಲ್ ತೆಗೆಯಿರಿ. ವೈಟ್ ಬ್ಯಾಲೆನ್ಸ್ ಆಟೋ ಬೇಡ, ಡೇಲೈಟ್ ಇಡಿ. ಆಮೇಲೆ ಕಂಪ್ಯೂಟರಿನಲ್ಲಿ ನೀಲಿ ಬಣ್ಣದ ಹ್ಯೂ ಮಾತ್ರ ನೇರಳೆ ಕಡೆಗೆ ಸ್ವಲ್ಪ ತಳ್ಳಿ. ಇಡೀ ಫೋಟೋದ ಟಿಂಟ್ ಎಳೆದರೆ ಆಕಾಶವೂ ಹಾಳಾಗುತ್ತದೆ.

ಗವಿಪುರದ_ಗಿರಿ | ಶುಕ್ರವಾರ, ಸಂಜೆ 6:45

ಲೆನ್ಸ್ ಇಟ್ಟುಕೊಂಡೆ, ವಾಪಸ್ ಕೊಡಲಿಲ್ಲ. ಕೆರೆ ಕಡೆ ತಗ್ಗಿನ ಕೊಂಬೆ ಸಿಕ್ಕಿತು, ಗಿಣಿ ಬಂತು, ಅಳಿಲು ಬಂತು, ಸೂರಕ್ಕಿ ಇನ್ನೂ ಕೊಟ್ಟಿಲ್ಲ. ನಿನ್ನೆಯ ಗಾಳಿಗೆ ಹೂವು ಅರ್ಧ ಖಾಲಿ. ಫಿಲ್ಟರ್ ಅಂಗಡಿಗೆ ಹಿಂದಿರುಗಿಸಲು ಹೋದರೆ ಫ್ರೀ ಕೊಟ್ಟದ್ದಕ್ಕೆ ರಿಟರ್ನ್ ಇಲ್ಲವಂತೆ.

ಡಾಕ್_ದಾಸಪ್ಪ | ಶುಕ್ರವಾರ, 7:02

ಲೆನ್ಸ್ ಇಟ್ಟುಕೊಂಡಿರಿ ಅಂದ ಮೇಲೆ ಫರ್ಮ್‌ವೇರ್‌ಗಾದರೂ ಡಾಕ್ ಬೇಕೇ ಬೇಕು. ನನ್ನದು ಕ್ಯಾನನ್ ಮೌಂಟಿನದ್ದೇ, ಪೆಟ್ಟಿಗೆ ಸಮೇತ ಇದೆ. ನಾನು ಬೇರೆ ಲೆನ್ಸಿಗೆ ಹೋಗುತ್ತಿದ್ದೇನೆ. ಬೇಕಿದ್ದರೆ ಹೇಳಿ, ರೇಟ್ ಮಾತಾಡೋಣ.

ನಿರ್ವಾಹಕ | ಶುಕ್ರವಾರ, 7:20

ಮಾರಾಟದ ಪೋಸ್ಟುಗಳನ್ನು ದಯವಿಟ್ಟು "ಕೊಡು-ಕೊಳ್ಳು" ವಿಭಾಗದಲ್ಲಿ ಹಾಕಿ.